ತಿಲಕವತಿಯ ಐದು ಪುಟದ ಅರ್ಜಿ

ಚಿನ್ನದ ಗಣಿ ಕಾರ್ಮಿಕರ ಸಾಲುಮನೆಗಳಾದ ನಮ್ಮ ಊರಿಗಾಂ ಲೈನಿನ ತಿಲಕವತಿ ಹತ್ತು ವರ್ಷದಿಂದ ಕೆಲಸ ಹುಡುಕುತ್ತಿದ್ದಾಳೆ. ಹುಡುಕುವುದರಲ್ಲಿ ಅವಳಷ್ಟು ಅನುಭವ ಇನ್ನಾರಿಗೂ ಇಲ್ಲ. ಬಿ.ಕಾಂ. ಓದಿದ್ದಾಳೆ, ಕಂಪ್ಯೂಟರ್ ಬರುತ್ತದೆ. ಆದರೆ ಸಣ್ಣದೊಂದು ಗುಮಾಸ್ತೆ ಕೆಲಸಕ್ಕೂ ಅವಳು ಬರೆಯುವ ಅರ್ಜಿ ಐದು ಪುಟಕ್ಕೆ ಕಡಿಮೆಯಾಗುವುದಿಲ್ಲ. ಮೊದಲ ಪುಟದಲ್ಲಿ ಓದಿನ ವಿವರ. ಎರಡನೆಯದರಲ್ಲಿ, ಶಾಸಕರೆಲ್ಲ ದಿನವೂ ಬಂಗಾರಪೇಟೆಯಿಂದ ಬೆಂಗಳೂರಿಗೆ ಬೆಳಗಿನ ರೈಲಿನಲ್ಲಿ ನಿಂತುಕೊಂಡೇ ಹೋಗಬೇಕೆಂಬ ಅವಳ ಅಭಿಪ್ರಾಯ, ಕಾರಣಗಳ ಸಮೇತ. ಉಳಿದ ಮೂರು ಪುಟ ಅವಳು ಬರೆಯುತ್ತಿರುವ ನಾಟಕದ ಒಂದು ದೃಶ್ಯ. ಅದರಲ್ಲಿ ರಾಜ ಕನ್ನಡ, ರಾಣಿ ತಮಿಳು, ಮಂತ್ರಿ ತೆಲುಗು ಮಾತಾಡುತ್ತಾರೆ. ಎಲ್ಲರಿಗೂ ಎಲ್ಲವೂ ಅರ್ಥವಾಗುವುದರಿಂದಲೇ ಜಗಳ ಮುಗಿಯುವುದಿಲ್ಲ. ಒಮ್ಮೆ ಸಂದರ್ಶನಕ್ಕೆ ಕರೆದವರು, “ನಿಮ್ಮ ದೌರ್ಬಲ್ಯ ಏನಮ್ಮಾ?” ಎಂದು ಕೇಳಿದರೆ, “ನಂದು ಬಿಡಿ ಸಾರ್, ಸರ್ಕಾರದ್ದು ಏಳ್ತೀನಿ” ಎಂದು ಮುಕ್ಕಾಲು ಗಂಟೆ ಹೇಳಿ ಬಂದಳು. “ಎಲ್ರಂಗೆ ಒಂದೇ ಪುಟ ಬರಿಯೇ” ಎಂದು ತಾಯಿ ಕದಿರಮ್ಮ ಗೋಗರೆದಾಗ, ಈ ಯುಗಾದಿ ಕಳೆದ ಮೇಲೆ ಹಾಗೆಯೇ ಬರೆದಳು: ಹೆಸರು, ಓದು, ವಿಳಾಸ. ಮೂರು ಸಲ ಓದಿಕೊಂಡಳು. “ಇದ್ರಾಗೆ ನಾನೆಲ್ಲಮ್ಮಾ ಇದೀನಿ?” ಎಂದಳು. ಹರಿದು ಹಾಕಲೂ ಮನಸ್ಸಾಗದೆ, ತನ್ನ ಜೊತೆಗೇ ಓದಿದ ಪಕ್ಕದ ಮನೆಯ ಸುಮಿತಾಳ ಹೆಸರು, ವಿವರ ಹಾಕಿ ಕಳಿಸಿಬಿಟ್ಟಳು. ಸುಮಿತಾಗೆ ಕೆಲಸ ಸಿಕ್ಕಿತು. ಮೊದಲ ದಿನ ಅವಳ ಸೀರೆಯ ನೆರಿಗೆ ಸರಿಮಾಡಿ, ಆಫೀಸಿನಲ್ಲಿ ಹೇಗಿರಬೇಕೆಂದು ಹೇಳಿಕೊಟ್ಟವಳೂ ತಿಲಕವತಿಯೇ: “ಯಾರೇನು ಕೇಳಿದ್ರೂ ಊಂ ಅನ್ನು ಕಣೇ. ನಂಗೆ ಅದೊಂದು ಬರಲ್ಲ.”