ನೆರೂಳಿನಲ್ಲಿ ಸಿಕ್ಕ ವಾಯಿದೆ

ನಮ್ಮವರ ಕುತ್ತಿಗೆಯಲ್ಲಿ ಗಂಟು ಕಾಣಿಸಿಕೊಂಡದ್ದೂ ನನಗೆ ನೆರೂಳಿನ ಕಂಪನಿಯಿಂದ ಕೆಲಸಕ್ಕೆ ಕರೆ ಬಂದದ್ದೂ ಒಂದೇ ಶ್ರಾವಣದಲ್ಲಿ. ಕೆಲವು ವರ್ಷಗಳ ಹಿಂದಿನ ಮಾತು. ಯಾವುದು ಮೊದಲು ಎಂದು ಕೇಳಿದರೆ ನಾವಿಬ್ಬರೂ ಬೇರೆ ಬೇರೆ ಹೇಳುತ್ತೇವೆ. ಹಾಗಾಗಿ ಭಕ್ತ ಬಾಂಧವರೇ, ಖಚಿತವಾಗಿ ನೆನಪಿರುವುದನ್ನಷ್ಟೇ ಬರೆಯುತ್ತೇನೆ. ಇಲ್ಲದ ಕಡೆ ಇಲ್ಲ ಎನ್ನುತ್ತೇನೆ.

ಆಗ ನಾನು ಮುಂಬಯಿ ಬಳಿಯ ಡೊಂಬಿವಲಿಯ ಒಂದು ಬಣ್ಣದ ಕಾರ್ಖಾನೆಯಲ್ಲಿ ಟೈಪಿಸ್ಟ್. ಸಂಬಳ ಕಡಿಮೆ, ಆದರೆ ಇ.ಎಸ್.ಐ. ಕಾರ್ಡ್ ಇತ್ತು, ಅದರಿಂದ ಮನೆಯವರ ಚಿಕಿತ್ಸೆಯೂ ನಡೆಯುತ್ತಿತ್ತು. ನಮ್ಮವರು ಕಲ್ಯಾಣದ ಹೋಟೆಲಿನಲ್ಲಿ ಗಲ್ಲಾದಲ್ಲಿ ಕೂರುತ್ತಿದ್ದವರು, ಜ್ವರ ಬಿಡದೆ ಮನೆ ಹಿಡಿದಿದ್ದರು. ನೆರೂಳಿನವರು ಹೇಳಿದ ಸಂಬಳ ಎಷ್ಟೋ ಹೆಚ್ಚು. ಆದರೆ ಅಷ್ಟು ಸಂಬಳದವರಿಗೆ ಆ ಕಾರ್ಡ್ ಇಲ್ಲ. ಶನಿವಾರದೊಳಗೆ ಉತ್ತರ ಬೇಕು ಎಂದಿದ್ದರು. ಗಂಟಿನ ತುಣುಕು ತೆಗೆದು ಪರೀಕ್ಷೆಗೆ ಕಳಿಸಿದ್ದ ಡಾಕ್ಟರು ರಿಪೋರ್ಟು ಮುಂದಿನ ವಾರ ಎಂದಿದ್ದರು. ಸಾಧಾರಣ ಗಂಟಾದರೆ ಹೊಸ ಕೆಲಸ, ಕೆಟ್ಟದ್ದಾದರೆ ಹಳೆಯ ಕಾರ್ಡು. ಆದರೆ ರಿಪೋರ್ಟು ಬರುವ ಮೊದಲೇ ನಾನು ಬಾಯಿ ಬಿಡಬೇಕಿತ್ತು.

"ಸಮಯ ಗಿಮಯ ಕೇಳ್ಲಿಕ್ಕೆ ಹೋಗ್ಬೇಡಿ ಅತ್ತಿಗೆ," ಎಂದಳು ನಾದಿನಿ ಸುಮತಿ. "ನಿಮ್ಮ ಹಿಂದೆ ಲೈನಲ್ಲಿ ಎಷ್ಟು ಜನ ನಿಂತಿದ್ದಾರೋ. ಅಣ್ಣನ ಸೀಕಿನ ವಿಷಯವಂತೂ ಎತ್ತಲೇಬೇಡಿ."

ನಮ್ಮವರು ಮಲಗಿದಲ್ಲಿಂದಲೇ ಹೇಳಿದರು: "ನನ್ನ ಮೋರೆ ನೋಡ್ತಾ ಕೂರ್ಬೇಡ ಮಾರಾಯ್ತಿ. ಹೋಗಿ ಹ್ಞೂಂ ಅನ್ನು. ಎದ್ದು ಹೋದ ಗಿರಾಕಿ ಕರೆದ್ರೆ ಬರುದಿಲ್ಲ. ಗಲ್ಲಾದಲ್ಲಿ ಕೂತವ ನಾನು, ನನಗೆ ಗೊತ್ತುಂಟು."

ಶುಕ್ರವಾರ ನಮ್ಮ ಊರಿನವರು ನಡೆಸುವ ಅಮ್ಮನವರ ಮಂದಿರಕ್ಕೆ ಹೋಗಿ ಪ್ರಸಾದ ಕೇಳಿದೆ. ಅಮ್ಮನ ಎರಡೂ ಭುಜಕ್ಕೆ ಒದ್ದೆ ಹೂ ಅಂಟಿಸಿ ಮನಸ್ಸಿನಲ್ಲಿ ಪ್ರಶ್ನೆ ಇಡುವುದು ನಮ್ಮ ಕ್ರಮ. ಬಲದ ಹೂ ಬಿದ್ದರೆ ಹೌದು, ಎಡದ್ದು ಬಿದ್ದರೆ ಬೇಡ. ಭಟ್ಟರು ಫ್ಯಾನ್ ನಿಲ್ಲಿಸಿದರು. ನಾನು ಕಣ್ಣು ಮಿಟುಕಿಸದೆ ನಿಂತೆ. ಬೆನ್ನಿಗೆ ರವಿಕೆ ಅಂಟಿತು. ಎರಡು ಹೂವೂ ಅಲ್ಲಾಡಲಿಲ್ಲ.

"ಎಂತ ಕೇಳಿದ್ದು ನೀವು?" ಎಂದರು ಭಟ್ಟರು.

"ಆ ಕೆಲಸಕ್ಕೆ ಸೇರಬಹುದಾ ಅಂತ. ಇವರು ಉಳೀತಾರಾ ಅಂತ."

"ಒಂದು ಪ್ರಸಾದಕ್ಕೆ ಎರಡು ಪ್ರಶ್ನೆಯಾ! ಅಮ್ಮ ಪಾಪ ಯಾವುದಕ್ಕೆ ಅಂತ ಹೇಳುದು?"

"ಹಾಗಾದ್ರೆ ಇನ್ನೊಂದು ಸಲ ಹೂ ಇಡಿ ಭಟ್ರೇ."

"ಇವತ್ತು ಬೇಡ. ಅವಳು ಯೋಚನೆ ಮಾಡ್ತಿದ್ದಾಳೆ ಅಂತ ತಿಳ್ಕೊಳ್ಳಿ. ಗಡಿಬಿಡಿ ಮಾಡ್ಬಾರ್ದು."

ಆ ಹೂ ಬಲಕ್ಕೆ ಬಿತ್ತು ಎಂದು ಈಗ ಮಂದಿರದಲ್ಲಿ ಹೇಳುವವರಿದ್ದಾರೆ. ನಾನು ಅಲ್ಲೇ ನಿಂತಿದ್ದೆ. ಬೀಳಲಿಲ್ಲ. ಅಳುತ್ತಾ ಮೆಟ್ಟಿಲಿಳಿದೆ. ಚಪ್ಪಲಿ ಹುಡುಕುವಾಗ ಭಟ್ಟರ ಮಾತು ಮತ್ತೆ ಕೇಳಿಸಿತು. ಅಮ್ಮನೇ ಸಮಯ ತೆಗೆದುಕೊಳ್ಳುವುದಾದರೆ ನಾನು ಕೇಳುವುದರಲ್ಲಿ ತಪ್ಪೇನು? ಈ ಯೋಚನೆ ಅಮ್ಮ ಕೊಟ್ಟದ್ದು, ನನ್ನದಲ್ಲ. ನನಗೆ ಅಷ್ಟು ಧೈರ್ಯವಿರಲಿಲ್ಲ.

ಮರುದಿನ ಕುರ್ಲಾದಲ್ಲಿ ಗಾಡಿ ಬದಲಿಸಿ ನೆರೂಳಿಗೆ ಹೋದೆ. ಮ್ಯಾನೇಜರ್ ದಾತೆ ಸಾಹೇಬರು ನನ್ನನ್ನು ಕಂಡೊಡನೆ "ಬೋಲೋ, ಕಬ್ ಸೆ?" ಎಂದರು, ಯಾವಾಗಿನಿಂದ ಬರುತ್ತೀ ಎಂಬಂತೆ. ಸುಮತಿ ಹೇಳಬೇಡ ಎಂದದ್ದನ್ನೆಲ್ಲ ನನ್ನ ಹರಕು ಹಿಂದಿಯಲ್ಲಿ ಹೇಳಿದೆ: ಗಂಟು, ರಿಪೋರ್ಟು, ಕಾರ್ಡು. ಕೊನೆಗೆ, ಸ್ವಲ್ಪ ಸಮಯ ಕೊಡಿ ಎಂದೆ.

"ಇಷ್ಟಕ್ಕೆ ಇಷ್ಟು ದೂರ ಬರಬೇಕಿತ್ತೆ? ಫೋನ್ ಮಾಡಿದ್ದರೆ ಸಾಕಿತ್ತಲ್ಲ."

"ಫೋನಿನಲ್ಲಾದರೆ ಇಲ್ಲ ಅನ್ನುವುದು ಸುಲಭ ಸಾಹೇಬರೇ."

ಅವರು ನಕ್ಕರೋ ಇಲ್ಲವೋ ನೆನಪಿಲ್ಲ. ನಕ್ಕರು ಎಂದು ಮನೆಯಲ್ಲಿ ಹೇಳಿದ್ದೆ. ಆದರೆ ಅವರ ಮಾತು ನೆನಪಿದೆ: "ರಿಪೋರ್ಟ್ ಬಂದ ಮೇಲೆ ಹೇಳಿ. ಅಲ್ಲಿಯವರೆಗೆ ಆ ಕುರ್ಚಿಯಲ್ಲಿ ಯಾರನ್ನೂ ಕೂರಿಸುವುದಿಲ್ಲ." ಯಾಕೆ ಒಪ್ಪಿದರೋ ಇವತ್ತಿಗೂ ತಿಳಿಯದು. ನನ್ನನ್ನು ಒಂದೇ ಸಲ ನೋಡಿದ್ದ ಮನುಷ್ಯ.

ರಿಪೋರ್ಟು ಕೆಟ್ಟದ್ದೇ ಬಂತು. ಸ್ಟೇಷನ್ ಹತ್ತಿರದ ಬೂತಿನಿಂದ ಫೋನ್ ಮಾಡಿ ಆ ಕೆಲಸ ಬೇಡ ಎಂದೆ. ಅದೇ ಕಾರ್ಡಿನ ಮೇಲೆ ಇವರನ್ನು ಮುಂಬಯಿಯ ದೊಡ್ಡ ಆಸ್ಪತ್ರೆಗೆ ಕಳಿಸಿದರು. ಇಂಜೆಕ್ಷನ್ ದಿನಗಳಲ್ಲಿ ಇವರು ನೀರನ್ನೂ ವಾಂತಿ ಮಾಡುತ್ತಿದ್ದರು. ದಿಂಬಿನ ತುಂಬ ಕೂದಲು. ನಾನು ಅಮ್ಮನ ಮೇಲೆ ಮುನಿಸಿಕೊಂಡು ಬಹಳ ದಿನ ಮಂದಿರದ ಕಡೆ ತಲೆ ಹಾಕಲಿಲ್ಲ. ನಾನು ಕೇಳಿದ ಎರಡರಲ್ಲಿ ಒಂದಕ್ಕೂ ಅವಳು ಹ್ಞೂಂ ಎಂದಿರಲಿಲ್ಲವಲ್ಲ.

ಒಮ್ಮೆ ಆಸ್ಪತ್ರೆಯ ಕಿಟಕಿಯ ಮುಂದೆ ಕಾರ್ಡು ಹಿಡಿದು ನಿಂತಿದ್ದಾಗ ದಿನಗಳ ಲೆಕ್ಕ ಹಾಕಿದೆ. ಆ ಶನಿವಾರ ನಾನು ಒಪ್ಪಿಬಿಟ್ಟಿದ್ದರೆ ಸೋಮವಾರ ಹಳೆಯ ಕೆಲಸಕ್ಕೆ ರಾಜೀನಾಮೆ ಕೊಡುತ್ತಿದ್ದೆ. ಈ ಕಿಟಕಿಯ ಮುಂದೆ ಯಾವ ಮುಖ ಹೊತ್ತು ನಿಲ್ಲುತ್ತಿದ್ದೆ? ಅಂದು ಸಂಜೆ ಮಂದಿರಕ್ಕೆ ಹೋದೆ. ಏನನ್ನೂ ಕೇಳಲಿಲ್ಲ.

ಇವರು ಉಳಿದರು. ವಾಸಿ ಮಾಡಿದ್ದು ಡಾಕ್ಟರುಗಳು. ಅವರ ಬಾಗಿಲಿನವರೆಗೆ ನಮ್ಮನ್ನು ಕೈಹಿಡಿದು ಒಯ್ದವಳು ಅಮ್ಮ. ಬೇಡಲು ತಿಳಿಯದವಳಿಗೂ ಕೊಟ್ಟ ಆ ತಾಯಿಗೆ ನನ್ನ ಸಾಷ್ಟಾಂಗ ನಮಸ್ಕಾರ.

ನಮ್ಮವರಿಗೆ ತಾಳಜ್ಞಾನವೆಂಬುದಿಲ್ಲ. ಕಳೆದ ವಾರ ಭಜನೆಯಲ್ಲಿ ತಾಳ ಕೈಗೆ ತೆಗೆದುಕೊಂಡು ಹಾಡುವವರನ್ನೆಲ್ಲ ದಾರಿ ತಪ್ಪಿಸಿದರು. ನಿಲ್ಲಿಸಿ ಎಂದು ಯಾರೂ ಹೇಳಲಿಲ್ಲ. ನಾನೂ ಹೇಳಲಿಲ್ಲ.