ಮೀನಿನ ಸೂಲಗಿತ್ತಿ

ಮಗಳಿಗೆ ಸ್ನಾನ ಮಾಡಿಸಿ, ಒರೆಸಿ, ಮಲಗಿಸಿದ ಮೇಲೂ ನನ್ನ ತಲೆಯಲ್ಲಿ ಅದೇ ಯೋಚನೆ ಕೊರೆಯುತ್ತಿರುತ್ತದೆ: ನೀರು ಹೆಚ್ಚು ಬಿಸಿಯಾಯಿತೇನೋ? ಬೆನ್ನು ಕೆಂಪಗಿದೆಯಲ್ಲ, ಒರೆಸಿದ್ದಕ್ಕೋ, ನೀರಿಗೋ? ಮೊಣಕೈ ಅದ್ದಿ ನೋಡಿರುತ್ತೇನೆ. ಟಬ್ಬಿನಲ್ಲಿ ತೇಲುವ ಹಳದಿ ಬಾತುಕೋಳಿಯ ಹೊಟ್ಟೆಯೊಳಗೆ ನೀರಿನ ಬಿಸಿ ತೋರಿಸುವ ಕೆಂಪು ಗೀಟಿದೆ, ಅದನ್ನೂ ಬಗ್ಗಿ ಬಗ್ಗಿ ನೋಡಿರುತ್ತೇನೆ. ಆದರೂ ಸಮಾಧಾನವಿಲ್ಲ. "ಚಿಂತೆ ಮಾಡೋಕೆ ಏನೂ ಸಿಗದಿದ್ರೆ, ಏನೂ ಸಿಕ್ಕಿಲ್ವಲ್ಲ ಅಂತ ಚಿಂತೆ ಮಾಡ್ತೀಯ" ಎಂದು ನನ್ನ ಗಂಡ ನಗುತ್ತಾನೆ.

ಈ ಬೇಸಿಗೆಯಲ್ಲಿ ಮಗುವನ್ನೂ ಬಾತುಕೋಳಿಯನ್ನೂ ಎತ್ತಿಕೊಂಡು ಚಿಕ್ಕಮ್ಮನ ಮನೆಗೆ ಹೋಗಿದ್ದೆ. ಚಿಕ್ಕಮ್ಮ, ಅಂದರೆ ನನ್ನ ಅಮ್ಮನ ತಂಗಿ, ಮೀನುಮರಿ ಕೇಂದ್ರದಲ್ಲಿ ಕೆಲಸ ಮಾಡುತ್ತಾಳೆ. ಕೇಂದ್ರದ ಕಾಂಪೌಂಡಿನೊಳಗೇ ಅವಳ ಮನೆ. ಬಲೆ ಹೊಲಿಯಲೆಂದು ಸೇರಿದವಳು, ಈಗ ಮೀನುಗಳಿಂದ ಮೊಟ್ಟೆ ಇಡಿಸಿ ಮರಿ ಮಾಡಿಸುವುದೆಲ್ಲ ಅವಳದೇ ಉಸ್ತುವಾರಿ. ಅಲ್ಲಿ ಎಲ್ಲರೂ ಅವಳನ್ನು ಕರೆಯುವುದು ಸೂಲಗಿತ್ತಿ ಎಂದೇ. ಕೊಳದಲ್ಲಿ ಹೊಟ್ಟೆ ಉಬ್ಬಿಸಿಕೊಂಡು ತಿರುಗುವ ಹೆಣ್ಣು ಮೀನುಗಳು ಅವಳ ಬಾಯಲ್ಲಿ "ನಮ್ಮ ಬಸುರಿಯರು". ಹಿಂದಿನ ವರ್ಷ ನನಗೆ ದಿನ ತುಂಬಿದಾಗ ಫೋನ್ ಮಾಡಿ, "ನಮ್ಮ ಬಸುರಿಯರದ್ದೆಲ್ಲ ಆಯ್ತು ಕಣೇ, ನಿಂದೊಂದೇ ಬಾಕಿ" ಅಂದಿದ್ದಳು.

ಈ ಸಲ ಬಾಗಿಲು ತೆಗೆದವಳ ಮುಖದಲ್ಲಿ ಆ ನಗುವಿರಲಿಲ್ಲ. ಮಗುವನ್ನು ಎತ್ತಿಕೊಂಡು, ಅದರ ಕೆನ್ನೆಗೆ ಮೂಗು ಉಜ್ಜುತ್ತಲೇ ವಿಷಯ ಹೇಳಿದಳು. ಈ ವರ್ಷ ಎರಡು ಸಲ ಮೊಟ್ಟೆ ಇಡಿಸಿದ್ದಳು, ಎರಡು ಸಲವೂ ಕೆಟ್ಟುಹೋಗಿದ್ದವು. ಇನ್ನೊಂದೇ ಅವಕಾಶ ಎಂದು ಕೇಂದ್ರದ ಸಾಹೇಬರು ಖಡಾಖಂಡಿತವಾಗಿ ಹೇಳಿದ್ದರು. ಅದೂ ಹೋದರೆ ಮರಿಗಳು ಹೊರಗಿನಿಂದ ಬರುತ್ತವೆ, ಇಲ್ಲಿನ ತೊಟ್ಟಿಗಳಿಗೆ ಬೀಗ, ಸೂಲಗಿತ್ತಿಗೆ ಮೀನು ಮಾರುಕಟ್ಟೆಯ ತಕ್ಕಡಿ.

"ಹುಟ್ಟಿಸಿದ ಕೈಲೇ ಸತ್ತ ಮೀನು ತೂಗ್ಬೇಕಂತೆ" ಎಂದಳು. ಆಮೇಲೆ ದನಿ ತಗ್ಗಿಸಿ, "ನಿನ್ನೆ ಸಂಜೆ ಬಸುರಿಯರಿಗೆ ಮೊಟ್ಟೆ ಇಡಿಸೋ ಸೂಜಿಮದ್ದು ಕೊಟ್ಟಾಗಿದೆ. ಬೆಳಗಾಗೋಷ್ಟ್ರಲ್ಲಿ ಮೊಟ್ಟೆ ಇಟ್ಟಿವೆ. ಇವತ್ತು ಸಂಜೆ ಏನಾಯ್ತು ಅಂತ ಸಾಹೇಬ್ರಿಗೆ ಫೋನ್ ಮಾಡ್ಬೇಕು. ನನ್ನ ಬಾಯಲ್ಲಿ ಕೆಟ್ಟ ಸುದ್ದಿ ಬರಲ್ಲ. ನೀನು ಸಿಟೀಲಿ ಓದಿದವಳು, ನಯವಾಗಿ ಹೇಳ್ತೀಯ. ನೀನೇ ಮಾಡಿಬಿಡೇ."

ಗ್ಯಾಸ್ ಸಿಲಿಂಡರಿಗೆ ಫೋನ್ ಮಾಡಬೇಕಾದರೂ ಮೊದಲು ಮನಸ್ಸಿನಲ್ಲೇ ಮಾತು ಬಾಯಿಪಾಠ ಮಾಡಿಕೊಳ್ಳುವವಳು ನಾನು. ಹೂಂ ಎಂದೆ. ಸಂಜೆಗೆ ತಾನೇ ಎಂದುಕೊಂಡೆ, ಆಗ ನೋಡಿಕೊಂಡರಾಯಿತು ಎಂದುಕೊಂಡೆ. ಚಿಕ್ಕಮ್ಮನ ಫೋನು ಕಿಟಕಿಯ ಕಟ್ಟೆಯ ಮೇಲೆ ನನ್ನನ್ನೇ ನೋಡುತ್ತ ಕೂತಿತ್ತು.

ಚಿಕ್ಕಮ್ಮ ನನ್ನನ್ನು ಮೊಟ್ಟೆ ತೊಟ್ಟಿಯ ಬಳಿಗೆ ಕರೆದುಕೊಂಡು ಹೋದಳು. ದುಂಡನೆಯ ಸಿಮೆಂಟಿನ ತೊಟ್ಟಿ. ಕೆಳಗಿನ ಕೊಳವೆಗಳಿಂದ ನೀರು ಚಿಮ್ಮಿ ಮೆಲ್ಲಗೆ ಸುತ್ತುತ್ತಿತ್ತು. ಅದರೊಳಗೆ ನೆನೆಸಿದ ಸಾಬಕ್ಕಿಯಂಥ ಮೊಟ್ಟೆಗಳು ತಳ ಹಿಡಿಯದೆ ತೇಲಿ ತಿರುಗುತ್ತಿದ್ದವು.

"ಇವಕ್ಕೆ ಕಾವು ಕೊಡೋರು ಯಾರು ಚಿಕ್ಕಮ್ಮ?"

"ಮೀನೇನು ಕೋಳಿ ಥರ ಕೂರುತ್ತಾ? ಮೊಟ್ಟೆ ಬಿಟ್ಟು ತನ್ನ ಪಾಡಿಗೆ ಹೋಗುತ್ತೆ. ಕಾವು ಕೊಡೋದು ನೀರೇ. ನೀರು ತಣ್ಣಗಿದ್ರೆ ತಾಯಿ ಹೊಟ್ಟೇಲಿ ಮೊಟ್ಟೆ ಬಲಿಯೋದೇ ಇಲ್ಲ. ಹದವಾಗಿ ಬೆಚ್ಚಗಿದ್ರೆ ಬಲಿಯುತ್ತೆ, ಇಡುತ್ತೆ, ಮರಿ ಆಗುತ್ತೆ. ಕಾವು ಮಿತಿ ಮೀರ್ತೋ, ಮರಿ ಒಳಗೇ ಸಾಯುತ್ತೆ. ಅಪ್ಪಿತಪ್ಪಿ ಹೊರಗೆ ಬಂದ್ರೂ ಬೆನ್ನು ಸೊಟ್ಟ."

"ಹಾಗಾದ್ರೆ ಈ ಸಲ ಕಾವು ಜಾಸ್ತಿ ಆಗಿದ್ಯೋ ಏನೋ?"

"ನೋಡದೆ ಬಿಡ್ತೀನಾ? ದಿನಾ ಬೆಳಿಗ್ಗೆ ಎದ್ದ ತಕ್ಷಣ ನೋಡೋದೇ ಅದು. ಬಾವಿ ನೀರು, ಹೇಗಿರ್ಬೇಕೋ ಹಾಗೇ ಇದೆ. ಆದ್ರೂ ಬೆಳಿಗ್ಗೆ ಗಾಜಿನ ಮಣಿ ಥರ ಇರ್ತವೆ, ಸಂಜೆ ಹೊತ್ತಿಗೆ ಬೆಳ್ಳಗೆ ಸತ್ತಿರ್ತವೆ. ನನಗಂತೂ ತಲೆಬುಡ ಗೊತ್ತಾಗ್ತಿಲ್ಲ."

ಆಮೇಲೆ ಮನಸ್ಸು ಬೇರೆಡೆ ತಿರುಗಿಸಲೆಂದೋ ಏನೋ, ಮನೆಯ ತಾರಸಿಯ ಮೇಲಿದ್ದ ದೊಡ್ಡ ಕಪ್ಪು ಟ್ಯಾಂಕನ್ನು ತೋರಿಸಿದಳು. ಮರದ ಕೆಳಗಿದ್ದ ಹಳೆಯ ಸಿಮೆಂಟ್ ಟ್ಯಾಂಕ್ ಸೋರುತ್ತಿತ್ತಂತೆ. ಆಫೀಸಿಗೆ ಅಲೆದು ಅಲೆದು, ಈ ವರ್ಷ ಹೊಸದು ತರಿಸಿಯೇ ಬಿಟ್ಟಿದ್ದಳು. ಪಂಪಿನ ಮನೆಯ ಹೊಸ್ತಿಲ ಮೇಲೆ ಕೂತಿದ್ದ ಪಂಪಿನವನು ಕಿಸಕ್ಕನೆ ನಕ್ಕ.

"ಅದು ಬಂದ ದಿನ ನೋಡ್ಬೇಕಿತ್ತು ಅಕ್ಕಾ. ಸೂಲಗಿತ್ತಿ ಟ್ಯಾಂಕಿಗೆ ತೊಟ್ಟಿಲು ಕಟ್ಟೋದೊಂದು ಬಾಕಿ ಇತ್ತು."

ಮನೆಗೆ ಬಂದೆವು. ಬಿಸಿಲು ಏರತೊಡಗಿತ್ತು. ಮಗಳು ಬಟ್ಟೆಯೆಲ್ಲ ಗಲೀಜು ಮಾಡಿಕೊಂಡಳು. ಬಚ್ಚಲಿಗೆ ಎತ್ತಿಕೊಂಡು ಹೋಗಿ ತಣ್ಣೀರಿನ ನಲ್ಲಿ ತಿರುಗಿಸಿದೆ. ಕೈಯೊಡ್ಡಿದವಳು ಕಿರುಚಿಕೊಂಡೆ.

"ಚಿಕ್ಕಮ್ಮಾ! ತಣ್ಣೀರು ನಲ್ಲೀಲಿ ಬಿಸಿನೀರು ಬರ್ತಿದೆ! ಮಗು ಕಾಲು ಸುಟ್ಟುಹೋಗ್ತಿತ್ತು!"

"ಶುರುವಾಯ್ತಾ ಮಹಾತಾಯಿ ನಿಂದು?" ಅಡುಗೆಮನೆಯಿಂದ ಸೌಟು ಹಿಡಿದುಕೊಂಡೇ ಬಂದಳು. "ಟ್ಯಾಂಕ್ ನೀರು ಬಿಸಿಲಿಗೆ ಕಾದಿರುತ್ತಪ್ಪ. ಅಷ್ಟಕ್ಕೆಲ್ಲ ಊರು ಕೇಳೋ ಹಾಗೆ..."

ಸೌಟು ಕೆಳಗಿಟ್ಟು ನಲ್ಲಿಯ ಕೆಳಗೆ ಕೈ ಹಿಡಿದಳು. ಹಿಡಿದೇ ಇದ್ದಳು.

"ಅದೇ ಟ್ಯಾಂಕಿನ ನೀರು ಮೊಟ್ಟೆಗೂ ಹೋಗ್ತಿದೆ ಕಣೇ" ಎಂದಳು.

ಟಬ್ಬಿನಲ್ಲಿದ್ದ ಬಾತುಕೋಳಿಯನ್ನು ಕಸಿದುಕೊಂಡು ಅವಳು ಮುಂದೆ, ಮಗುವನ್ನು ಟವೆಲ್ಲಿನಲ್ಲಿ ಸುತ್ತಿಕೊಂಡು ನಾನು ಹಿಂದೆ ಓಡಿದೆವು. ಬಾತುಕೋಳಿ ತೊಟ್ಟಿಗೆ ಬಿದ್ದು ಗಂಭೀರವಾಗಿ ಸುತ್ತು ಹೊಡೆಯತೊಡಗಿತು. ನಾನು ಬಗ್ಗಿ ನೋಡಿದೆ. ಕೆಂಪು ಗೀಟು ಮಗುವಿನ ಸ್ನಾನದ ಗುರುತಿನ ಕಡೆಗೆ ಮೆಲ್ಲಗೆ ಏರುತ್ತಿತ್ತು. ಬೆಳಿಗ್ಗೆ ಮಾತ್ರ ಅಳೆಯುತ್ತಿದ್ದವಳಿಗೆ ಬಿಸಿಲೇರಿದ ಮೇಲಿನ ಈ ಬಿಸಿ ಕಂಡೇ ಇರಲಿಲ್ಲ. ಮೊಟ್ಟೆಗಳಲ್ಲಿ ಅಲ್ಲೊಂದು ಇಲ್ಲೊಂದು ಬಿಳಿಚಿತ್ತು. ಮಿಕ್ಕವು ಇನ್ನೂ ಗಾಜಿನಂತಿದ್ದವು. ಮಗಳು ಹೊತ್ತು ನೆತ್ತಿಗೇರುವ ಮೊದಲೇ ಬಟ್ಟೆ ಗಲೀಜು ಮಾಡಿಕೊಂಡದ್ದು ನಮ್ಮ ಪುಣ್ಯ.

"ಏ, ಬಾವಿ ನೀರು ನೇರ ಇಲ್ಲಿಗೆ ಬಿಡೋ!" ಚಿಕ್ಕಮ್ಮ ಕೂಗಿದಳು. "ಒಂದೇ ಸಲ ಬಿಡ್ಬೇಡ, ಮೊಟ್ಟೆ ಬೆಚ್ಚಿಬೀಳುತ್ತೆ. ಸ್ವಲ್ಪ ಸ್ವಲ್ಪ!"

ಪಂಪಿನವನು ಓಡಿದ. ಓಡುತ್ತಲೇ, "ಸೂಲಗಿತ್ತೀ, ನೀವೇ ಅಲೆದು ತರಿಸಿದ ಟ್ಯಾಂಕು!" ಅಂದ.

"ಹೌದಪ್ಪಾ, ನಾನೇ ತರಿಸಿದ್ದು. ನೀನು ವಾಲ್ವ್ ತಿರುಗ್ಸು, ನಾಲಿಗೆ ಅಲ್ಲ!"

ಗೋಣಿಚೀಲಗಳನ್ನು ನೆನೆಸಿ ಕೊಳವೆಗೆ ಹೊದಿಸಿದರು. ತೊಟ್ಟಿಯ ಮೇಲೆ ಹಗ್ಗ ಕಟ್ಟಿ ಹಾಸಿಗೆಯ ಚಾದರಗಳನ್ನು ಹರಡಿದರು. ಅದೂ ಸಾಲದೆ ನನ್ನ ಮಗಳ ಆನೆ ಚಿತ್ರದ ಹೊದಿಕೆಯೂ ಮೇಲೇರಿತು. ನನಗೆ ಒಂದೇ ಕೆಲಸ: ಬಾತುಕೋಳಿಯ ಹೊಟ್ಟೆ ನೋಡಿ ಕೂಗುವುದು. "ಇಳೀತಿದೆ!" "ನಿಂತಿದೆ!" "ಸ್ವಲ್ಪ ಏರ್ತು, ಏರ್ತು ಚಿಕ್ಕಮ್ಮ!" ಉಸಿರಿಗೊಮ್ಮೆ ಬಗ್ಗಿ ನೋಡುವ ನನ್ನ ಚಾಳಿಯನ್ನು ಅಂದು ಯಾರೂ ಹಂಗಿಸಲಿಲ್ಲ. ನಾನು ಸುಮ್ಮನಾದರೆ, "ಯಾಕೆ ಸುಮ್ಮನಾದೆ? ನೋಡೇ, ನೋಡು!" ಎಂದು ಚಿಕ್ಕಮ್ಮನೇ ಗದರುತ್ತಿದ್ದಳು.

ಬಿಸಿಲು ಇಳಿಯಿತು. ಮೊಟ್ಟೆಗಳು ಬೆಳ್ಳಗಾಗಲಿಲ್ಲ. ಒಳಗೆ ಏನೋ ಮಿಸುಕುತ್ತಿರುವುದು ನನ್ನ ಕಣ್ಣಿಗೂ ಕಾಣತೊಡಗಿತು. ಒಂದು ಒಡೆಯಿತು, ಪಕ್ಕದಲ್ಲೇ ಇನ್ನೊಂದು. ಮತ್ತೆ ನೋಡನೋಡುತ್ತಿದ್ದಂತೆ ತೊಟ್ಟಿಯ ತುಂಬ ರೆಪ್ಪೆಗೂದಲಿನಂಥ ಜೀವಗಳು ಹರಿದಾಡತೊಡಗಿದವು. ಚಿಕ್ಕಮ್ಮ ಬಿಳಿ ತಟ್ಟೆಯಲ್ಲಿ ನೀರು ಮೊಗೆದು ಮೂಗಿನ ಹತ್ತಿರ ಹಿಡಿದಳು. ಪಂಪಿನವನೂ ಬಗ್ಗಿ ನೋಡಿದ.

"ನೆಟ್ಟಗಿವೆ" ಎಂದಳು ಮೆಲ್ಲಗೆ. ಇನ್ನೊಂದು ಸಲ ಮೊಗೆದಳು. ಈಗ ಕಾಂಪೌಂಡೆಲ್ಲ ಕೇಳುವ ಹಾಗೆ ಕೂಗಿದಳು: "ನೆಟ್ಟಗಿವೆ ಕಣ್ರೋ! ಎಲ್ಲಾ ನೆಟ್ಟಗಿವೆ!"

ಮಗಳನ್ನು ನನ್ನ ಕೈಯಿಂದ ಕಸಿದು, ಒದ್ದೆ ಸೀರೆಯಲ್ಲೇ ಎತ್ತಿ ಕುಣಿಸಿದಳು. ಮಗುವಿಗೆ ಶೀತವಾಗುತ್ತದೆ ಎನ್ನಲು ಬಾಯಿ ತೆರೆದೆ. ಮಗಳು ಕೇಕೆ ಹಾಕಿ ನಗುತ್ತಿದ್ದಳು. ಬಾಯಿ ಮುಚ್ಚಿದೆ.

"ಫೋನು!" ಎಂದು ನೆನಪಿಸಿದ ಪಂಪಿನವನು.

"ಒಳ್ಳೆ ಸುದ್ದಿ ಅಲ್ವಾ, ನೀನೇ ಹೇಳು ಚಿಕ್ಕಮ್ಮ."

"ನನ್ನ ಕೈ ಒದ್ದೆ. ನೀನೇ ಕೂಗಿದ್ದು, ನೀನೇ ಹೇಳು."

ಈ ಸಲ ಏನನ್ನೂ ಬಾಯಿಪಾಠ ಮಾಡಿಕೊಳ್ಳಲಿಲ್ಲ. ಕಿಟಕಿಯ ಕಟ್ಟೆಯಿಂದ ಫೋನ್ ತಂದು, ತೊಟ್ಟಿಯ ಪಕ್ಕದಲ್ಲೇ ನಿಂತು ನಂಬರ್ ಒತ್ತಿ ಹಲೋ ಎಂದೆ.

"ಏನಮ್ಮಾ, ಸೂಲಗಿತ್ತಿ ಕಡೆಯವರಾ?" ಸಾಹೇಬರು ನಿಟ್ಟುಸಿರು ಬಿಟ್ಟರು. "ಹೇಳಿ. ಬೀಗ ತರಿಸ್ಬೇಕಾ?"

"ಬೀಗ ಬೇಡ ಸಾರ್. ಮರಿ ತುಂಬೋಕೆ ಡ್ರಮ್ ತೊಳೆಸಿಡಿ. ಇದ್ದಬದ್ದ ಡ್ರಮ್ ಎಲ್ಲಾ ತೊಳೆಸಿಡಿ!"

ಪಕ್ಕದಿಂದ ಚಿಕ್ಕಮ್ಮ, ಮಗುವನ್ನು ಸೊಂಟಕ್ಕೇರಿಸಿಕೊಂಡು, ಫೋನಿಗೇ ಬಾಯಿ ಹಾಕಿದಳು:

"ಟ್ಯಾಂಕಿಗೊಂದು ನೆರಳು ಕಟ್ಟಿಸ್ಬೇಕು ಅಂತಾನೂ ಹೇಳೇ!"