ಹೊಳೆವ್ವನ ಕೈ, ಹಸಿ ರಾಜ್ಮಾ

"ಯವ್ವಾ, ನನ್ನ ಕೈ ನೋಡ್ರಿ. ಊರಾಗ ಈ ಕೈಲೇ ರೊಟ್ಟಿ ಬಡದೀನಿ, ಬಾಣಂತ್ಯಾರಿಗೆ ಎರದೀನಿ, ಹಸುಗೂಸಿಗೆ ಬೆಣ್ಣಿ ನೆಕ್ಕಿಸೀನಿ. ಹೊಳೆವ್ವಾ, ನಿನ್ನ ಕೈ ಹೊಲಸು ಅಂತ ಒಬ್ಬರೂ ಅಂದಿಲ್ರಿ. ಇಲ್ಲಿ ಆ ಸಾಹೇಬ ನನ್ನ ಮಣಿಕಟ್ಟು ಹಿಡಿದು ಮ್ಯಾಲೆತ್ತಿ, ಊಟಕ್ಕ ಕುಂತ ಅಷ್ಟೂ ಮಂದಿಗೆ ಉಗುರು ತೋರಿಸಿದ. ಉಗುರಾಗ ಇದ್ದದ್ದು ಅರಿಷಿಣ್ರಿ. ಬೆಳಿಗ್ಗೆ ಸಾರಿಗೆ ಹಾಕಿದ್ನಿ, ಅದು ತೊಳದ್ರ ಹೋಗ್ತದೇನು? 'ಶೀಟಿನ ರೂಮಿನಾಗ ಇರೋ ಜನ, ಕೈ ತೊಳಿಯೂದು ಗೊತ್ತಿಲ್ಲ, ನಿನ್ನೆ ಎಲ್ಲಾರ್ಗೂ ವಾಂತಿ ಆಗಿದ್ದು ಇವಳಿಂದನ' ಅಂದು, ಇನ್ನ ಕೆಲಸಕ್ಕ ಬರಬ್ಯಾಡ ಅಂತ ಕಳಿಸಿಬಿಟ್ಟ. ನಿನ್ನೆ ನನಗೂ ವಾಂತಿ ಆಗಿತ್ರಿ! ಮುಸುರಿ ತಿಕ್ಕೋ ಕಟ್ಟಿ ಹಿಂದ ಹೋಗಿ ಕಕ್ಕೊಂಡು, ಬಾಯಿಗೆ ಸೆರಗು ಒತ್ತಿ ಬಂದು ನಿಂತಿದ್ನಿ. ಹೇಳಿದ್ರ, ನೋಡ್ರಿ ರೋಗ ಇವಳದ ಅಂತಿದ್ರು. ಅದಕ್ಕ ಸುಮ್ಮನಿದ್ನಿ. ಈಗ ಅನಸ್ತದ, ಅವನ ಬೂಟಿನ ಮ್ಯಾಲನ ಕಕ್ಕಬೇಕಿತ್ತು."

ಹೊಳೆವ್ವ ನಮ್ಮ ಜಗಲಿಯ ಮೇಲೆ ಕೂತು ಇದನ್ನು ಹೇಳಿದ್ದು. ಅವಳ ಊರು ಲಿಂಗಸುಗೂರಿನ ಕಡೆ. ಗಂಡ ನಿಂಗಪ್ಪ ಗಾರೆ ಕೆಲಸಕ್ಕೆ ಹೋಗುತ್ತಾನೆ. ಸಿಂಗಸಂದ್ರದಲ್ಲಿ ನಮ್ಮ ಮನೆಯ ಹಿಂದಿನ ಶೀಟಿನ ರೂಮಿನಲ್ಲಿ ಇಬ್ಬರೂ ಬಾಡಿಗೆಗಿದ್ದಾರೆ. ಎಲೆಕ್ಟ್ರಾನಿಕ್ ಸಿಟಿಯ ಒಂದು ಕಂಪನಿಯ ಕ್ಯಾಂಟೀನಿನಲ್ಲಿ ಅವಳದು ಅಡುಗೆ ಮಾಡಿ ಬಡಿಸುವ ಕೆಲಸ. ಟ್ಯಾಂಕರ್ ಬರದ ದಿನವೂ, ಇರುವ ಒಂದು ಕೊಡ ನೀರಿನಲ್ಲಿ ಮೊದಲು ಸ್ನಾನ, ಆಮೇಲೆ ಒಲೆ ಅನ್ನುವ ಹೆಂಗಸು ಅವಳು. ಅವಳ ಕೈ ಹೊಲಸಂತೆ!

ಅದು ಕಂಪನಿಯವರ ಆರೋಗ್ಯ ವಾರ. ಆ ಸಾಹೇಬ, ಅಂದರೆ ಕ್ಯಾಂಟೀನಿನ ಮ್ಯಾನೇಜರ್ ಶಿವಶಂಕರ್, ಬಂದು, "ದಿನಾ ಹೆಸರುಬೇಳೆ ಕೋಸಂಬರೀನೇ ಆಯ್ತು. ನಾಳೆ ರಾಜ್ಮಾ ಹಾಕು. ಕೆಂಪಗೆ ಚೆನ್ನಾಗ್ ಕಾಣ್ತದೆ, ಪ್ರೋಟೀನೂ ಜಾಸ್ತಿ" ಅಂದನಂತೆ. ಕೋಸಂಬರಿ ಅಂದರೆ ನಮಗೆಲ್ಲ ಹಸಿ ಬೇಳೆಯೇ ತಾನೆ? ನೆನೆಸೋದು, ನಿಂಬೆಹಣ್ಣು ಹಿಂಡೋದು, ಕಾಯಿತುರಿ ಉದುರಿಸೋದು. ಹೊಳೆವ್ವನ ಊರಲ್ಲೂ ಮಡಿಕೆ ಕಾಳು, ಹೆಸರುಕಾಳು ಮೊಳಕೆ ಕಟ್ಟಿ ಹಸಿಯಾಗಿಯೇ ರೊಟ್ಟಿಯ ಜೊತೆ ತಿನ್ನುತ್ತಾರೆ. ರಾಜ್ಮಾ ಅವಳ ಊರಿನ ಗಡಿಗೆ ಕಂಡ ಕಾಳಲ್ಲ. ರಾತ್ರಿಯೆಲ್ಲ ನೆನೆಸಿದಳು, ಬೆಳಿಗ್ಗೆ ಹಲ್ಲಿಗೆ ಸಿಕ್ಕುವಷ್ಟು ಮೆತ್ತಗಾಗಿತ್ತು, ಕ್ಯಾರೆಟ್ ತುರಿದು ಕಲಸಿಟ್ಟಳು. ಶಿವಶಂಕರನೇ ಫೋಟೋ ತೆಗೆದು ಯಾರಿಗೋ ಕಳಿಸಿದನಂತೆ.

ನನ್ನ ಮಗಳ ಮಗಳು ಯಮುನಾ ಆಗತಾನೆ ಕೆಲಸದಿಂದ ಬಂದಳು. ಅವಳು ರಕ್ತ ಪರೀಕ್ಷೆ ಮಾಡುವ ಲ್ಯಾಬಿನಲ್ಲಿದ್ದಾಳೆ. ಶೂ ಬಿಚ್ಚುತ್ತಲೇ ಕಿವಿಗೊಟ್ಟು, "ಅಕ್ಕಾ, ತಿಂದು ಎಷ್ಟು ಹೊತ್ತಿಗೆ ವಾಂತಿ ಶುರುವಾಯ್ತು?" ಅಂದಳು.

"ಉಂಡು ಮಷೀನಿಗೆ ಹೋಗಿದ್ರು. ಚಾ ಹೊತ್ತಿಗೆ ಒಬ್ಬೊಬ್ರ ಓಡಾಕ ಹತ್ತಿದ್ರು."

"ಜ್ವರ?"

"ಇಲ್ಲವಾ. ರಾತ್ರಿ ಹೊತ್ತಿಗೆ ಎಲ್ಲಾರೂ ಆರಾಮ."

"ಬರೀ ಅನ್ನ ಸಾರು ತಿಂದೋರಿಗೆ?"

ಹೊಳೆವ್ವ ನೆನಪು ಮಾಡಿಕೊಂಡಳು. "ಅವ್ರಿಗೇನೂ ಆಗಿಲ್ಲ. ಅದನ್ನೂ ಇದ ಕೈಲೇ ಬಡಸೀನಿ."

"ರಾಜ್ಮಾ ಬೇಯ್ಸಿದ್ರಾ?"

"ಕೋಸಂಬರಿಗೆ ಯಾರರ ಬೇಯಸ್ತಾರೇನು?"

ಯಮುನಾ ಹಣೆ ಹಿಡಿದುಕೊಂಡಳು. "ಅಯ್ಯೋ ಅಜ್ಜಿ, ಆ ಕಾಳಿನ ಸತ್ವಾನೇ ನಾವು ಲ್ಯಾಬಲ್ಲಿ ರಕ್ತಕ್ಕೆ ಹಾಕೋದು!"

ಅವಳು ಹೇಳಿದ್ದನ್ನು ನನಗೆ ತಿಳಿದ ಹಾಗೆ ಬರೆಯುತ್ತೇನೆ. ನಮ್ಮ ರಕ್ತದಲ್ಲಿ ಬಿಳಿ ಕಣಗಳಿವೆ, ರೋಗ ಬಂದರೆ ಹೊಡೆದಾಡುವಂಥವು. ರೋಗ ಇಲ್ಲದಾಗ ಅವು ತೂಕಡಿಸುತ್ತಿರುತ್ತವೆ. ಒಂದೊಂದು ಕಣದ ಮೈಮೇಲೂ ಸಣ್ಣ ಸಣ್ಣ ಸಕ್ಕರೆಯ ಎಳೆಗಳಿರುತ್ತವೆ. ರಾಜ್ಮಾ ಕಾಳಿನಲ್ಲಿ ಲೆಕ್ಟಿನ್ ಅಂತ ಒಂದಿದೆ. ಅದು ಆ ಎಳೆಗಳನ್ನು ಗಬಕ್ಕನೆ ಹಿಡಿದು, ಒಂದಕ್ಕೊಂದು ಜೋಡಿಸಿ ಎಳೆಯುತ್ತದೆ. ಕಣಕ್ಕೆ ಶತ್ರು ಬಂದ ಅನ್ನಿಸಿ ಎದ್ದುಬಿಡುತ್ತದೆ, ಉಬ್ಬುತ್ತದೆ, ಒಂದು ಎರಡಾಗುತ್ತದೆ. ಹಾಗೆ ಎರಡಾಗುವಾಗ ಒಳಗೇನಿದೆ ಅಂತ ನೋಡುವುದೇ ಯಮುನಾಳ ಕೆಲಸ.

"ಅಂಗಾದ್ರೆ ಶಿಫ್ಟೇ ಇಲ್ದೆ ಸೈರನ್ ಕೂಗಿಸ್ದಂಗೆ ಅನ್ನು" ಅಂದೆ.

"ಸರಿಯಾಗ್ ಹೇಳ್ದೆ ಅಜ್ಜಿ. ಲ್ಯಾಬಲ್ಲಿ ಅದು ಉಪಕಾರ. ಹೊಟ್ಟೆಗೆ ಹೋದ್ರೆ ಕರುಳಿನ ಒಳಮೈಗೂ ಹಂಗೇ ಅಂಟ್ಕೊಂಡು ಗಲಾಟೆ ಮಾಡ್ತದೆ. ಚೆನ್ನಾಗ್ ಕುದಿಸಿದ್ರೆ ಅದರ ಹಿಡಿತ ಹೋಗ್ತದೆ. ಬರೀ ನೆನೆಸಿದ್ರೆ ಹೋಗಲ್ಲ."

ಹೊಳೆವ್ವ ತನ್ನ ಎರಡೂ ಅಂಗೈ ನೋಡಿಕೊಂಡಳು. ನನಗೆ ಮೈಯೆಲ್ಲ ಉರಿದುಹೋಯಿತು. ಕಾಳು ಹಾಕು ಅಂದವನು ಅವನು. ಬೇಯಿಸಬೇಕೋ ಬೇಡವೋ ಅವನಿಗೂ ಗೊತ್ತಿರಲಿಲ್ಲ, ಇವಳಿಗೂ ಗೊತ್ತಿರಲಿಲ್ಲ. ಗೊತ್ತಿಲ್ಲದ್ದು ಇಬ್ಬರಿಗಾದರೆ ಹೊಲಸಾದದ್ದು ಒಬ್ಬಳ ಕೈ ಹೇಗೆ?

ಮಾರನೆಯ ದಿನ ಮೂವರೂ ಕಂಪನಿಗೆ ಹೋದೆವು. ಗೇಟಿನ ಬಳಿ ಬಿಸಿಲಲ್ಲಿ ನಮ್ಮನ್ನು ಕಾಯಿಸಿ, ಆಮೇಲೆ ಶಿವಶಂಕರ್ ಬಂದ. "ಏನಜ್ಜಿ, ಪಂಚಾಯ್ತಿನೇ ಕರ್ಕೊಂಡ್ ಬಂದ್ಬಿಟ್ರಾ?" ಅಂತ ನಕ್ಕ. ಯಮುನಾ ಎಲ್ಲ ಬಿಡಿಸಿ ಹೇಳಿದಳು.

"ಹೆಸರುಬೇಳೆ ಹಸೀದು ತಿನ್ನಲ್ವಾ ಮೇಡಂ? ಅದಕ್ಕಾಗದ್ದು ಇದಕ್ಯಾಕಾಗ್ತದೆ?"

"ಅದೇ ಬೇರೆ, ಇದೇ ಬೇರೆ ಸಾರ್. ನಂಬಿಕೆ ಇಲ್ದಿದ್ರೆ ಒಂದು ಹಿಡಿ ನೆನೆಸ್ಕೊಂಡು ತಿನ್ನಿ. ನಾನೇ ಸೋಪು ಹಾಕಿ ಕೈ ತೊಳ್ಕೊಂಡು ಬಡಿಸ್ತೀನಿ."

ಅವನು ಆ ಕಡೆ ಈ ಕಡೆ ನೋಡಿ ದನಿ ತಗ್ಗಿಸಿದ. "ಆಯ್ತು ಬಿಡಿ, ನಾಳೆಯಿಂದ ಬರ್ಲಿ. ಆದ್ರೆ ಪಾತ್ರೆ ತೊಳೆಯೋ ಕಡೆ ಇರ್ಲಿ. ಬಡಿಸೋದು ಬೇಡ. ಜನ ನೋಡ್ಬಿಟ್ಟಿದ್ದಾರೆ, ಹೇಸ್ಕೋತಾರೆ."

ಎಂಥ ಮಾತು! ಹೇಸಿಗೆ ಹುಟ್ಟಿಸಿದವನೇ ಹೇಸಿಗೆಯ ನೆಪ ಹೇಳುತ್ತಾನೆ. ನಾನು ಬಾಯಿ ತೆರೆಯುವಷ್ಟರಲ್ಲಿ ಹೊಳೆವ್ವ ಮುಂದೆ ಬಂದಳು.

"ಕೈ ಸ್ವಚ್ಛ ಅದಾವಂದ್ರ ಬಡಸಾಕ ಯಾಕ ಬ್ಯಾಡ್ರಿ? ಮಂದಿ ಮುಂದ ತೋರಿಸಿದ ಕೈ. ಮಂದಿ ಮುಂದನ ಹೇಳ್ರಿ. ಇಲ್ಲಾಂದ್ರ ನನಗೀ ಕೆಲಸ ಬ್ಯಾಡ."

ಊಟದ ಹೊತ್ತಾಗಿತ್ತು. ಅವಳು ಅವನಿಗೆ ಕಾಯದೆ ಒಳಗೆ ನಡೆದಳು. ಅವನು ಅವಳ ಹಿಂದೆ, ನಾವು ಅವನ ಹಿಂದೆ. ತಟ್ಟೆ ಹಿಡಿದು ಸಾಲಿನಲ್ಲಿ ನಿಂತಿದ್ದ ಒಬ್ಬ ಹುಡುಗಿ, "ಅಕ್ಕಾ, ಎಲ್ಲೋಗಿದ್ರಿ? ನೀವಿಲ್ದೆ ಸಾರು ಸಾರೇ ಅಲ್ಲ" ಅಂದಳು. ಹೊಳೆವ್ವ ಶಿವಶಂಕರನ ಮುಖ ನೋಡಿದಳು.

ಅವನು ಸಾಲಿನ ಕಡೆ ತಿರುಗಿ ಮೆಲ್ಲಗೆ ಅಂದ. "ಮೊನ್ನೆ ತೊಂದ್ರೆ ಆಗಿದ್ದು ಕಾಳಿಂದ. ಹೊಳೆವ್ವನ ಕೈಯಿಂದಲ್ಲ."

"ಜೋರಾಗಿ ಹೇಳ್ರಿ ಸರ. ಅವತ್ತ ಜೋರಾಗೇ ಹೇಳಿದ್ರಿ."

ಜೋರಾಗಿಯೇ ಹೇಳಿದ. ಹಸಿ ಕಾಳು ಹಾಕಿಸಿದ್ದು ತಾನು ಅಂತ ಮಾತ್ರ ಹೇಳಲಿಲ್ಲ. ಅದು ನನಗೆ ಇವತ್ತಿಗೂ ಹೊಟ್ಟೆಯಲ್ಲಿ ಕುದಿಯುತ್ತದೆ. ಹೊಳೆವ್ವನನ್ನು ಕೇಳಿದರೆ, "ಹೋಗ್ಲಿ ಬಿಡ್ರಿ ಯವ್ವಾ, ಸೌಟು ನನ್ನ ಕೈಗೆ ಬಂತಲ್ಲ" ಅನ್ನುತ್ತಾಳೆ. ನಾನು ಬಿಡುವವಳಲ್ಲ.

ಮೊನ್ನೆ ಭಾನುವಾರ ಅವಳೇ ರಾಜ್ಮಾ ತಂದಿದ್ದಳು. ರಾತ್ರಿ ನೆನೆಸಿದ ನೀರನ್ನು ಮೋರಿಗೆ ಚೆಲ್ಲಿ, ಎರಡು ಸಲ ತೊಳೆದು, ಬೇರೆ ನೀರು ಹಾಕಿ ಒಲೆಯ ಮೇಲಿಟ್ಟಳು. ನೀರು ಕೊತಕೊತ ಕುದಿಯಿತು. ನೊರೆಯನ್ನು ಸೌಟಿನಿಂದ ತೆಗೆದೆಸೆದಳು. "ಇನ್ನೊಂದೀಟು ಕುದೀಲಿ" ಅಂದೆ. "ಕುದೀಲ್ರಿ" ಅಂತ ಉರಿ ಹೆಚ್ಚು ಮಾಡಿ, ಈರುಳ್ಳಿ ಹೆಚ್ಚಲು ಕೂತಳು.